ಕಣ್ಣು ಮಂಜಾದ ಮೇಲೆ ಸಕ್ಕರೆ ಕಾಯಿಲೆಯ ಮಾಹಿತಿ: ಕಿವಿಯಲ್ಲೇ ಸೋಸಿಕೊಳ್ಳುವ ಕ್ರಮ

ಕಣ್ಣು ಮಂಜಾದವರ ಬಳಿಗೆ ತಾನಾಗಿ ಬರುವುದು ಮಾತಾಡುವ ಮಾಹಿತಿ ಮಾತ್ರ. ವಾಟ್ಸಾಪ್ ಆಡಿಯೋ, ಯೂಟ್ಯೂಬ್ ಭಾಷಣ, ಹಾಗಲಕಾಯಿ ರಸ ಕುಡಿದರೆ ಇನ್ಸುಲಿನ್ ಬಿಡಬಹುದಂತೆ ಎನ್ನುವ ನೆರೆಮನೆಯವರು. ನಂಬಬಹುದಾದದ್ದು ಬಾಯಿ ಮುಚ್ಚಿ ಕೂತಿರುತ್ತದೆ: ಮಾತ್ರೆ ಸ್ಟ್ರಿಪ್ಪಿನ ಬೆನ್ನಲ್ಲಿ, ಲ್ಯಾಬ್ ರಿಪೋರ್ಟಿನಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪಿಡಿಎಫ್‌ನಲ್ಲಿ. ಹಾಗಾಗಿ ನಾನು ಮಾಡಿಕೊಂಡ ವ್ಯವಸ್ಥೆಯೆಲ್ಲ ಇವುಗಳ ಬಾಯಿ ಬಿಡಿಸುವುದಕ್ಕೆ.

ಅಕ್ಷರ ದೊಡ್ಡದು ಮಾಡಿಕೊಂಡರೆ ಸಾಕು ಅನ್ನುವವರಿದ್ದಾರೆ. ಸಕ್ಕರೆ ಏರಿಳಿದಾಗ ಕಣ್ಣಿನ ಮಸೂರದ ನೀರಿನಂಶವೂ ಬದಲಾಗಿ ನೋಟ ಹೆಚ್ಚುಕಡಿಮೆ ಆಗುತ್ತದೆ; ಇವತ್ತು ಓದಿದ ಗಾತ್ರ ನಾಳೆಗೆ ಸಾಲದು. ಕನ್ನಡಕ ಬದಲಿಸುವ ಮೊದಲು ಸಕ್ಕರೆ ಕೆಲವು ವಾರ ಹದಕ್ಕೆ ಬರಲಿ ಎಂದು ಕಣ್ಣಿನ ಡಾಕ್ಟರು ಹೇಳುವುದೂ ಇದಕ್ಕೇ. ಆದ್ದರಿಂದ ದೃಷ್ಟಿ ಸ್ವಲ್ಪ ಉಳಿದಿರುವಾಗಲೇ, ಫೋನಿನ ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಕಲಿಯುವುದು ಒಳ್ಳೆಯದು. ಆಂಡ್ರಾಯ್ಡ್ ಫೋನಿನಲ್ಲಿ ಅದರ ಶಾರ್ಟ್‌ಕಟ್ ಒಮ್ಮೆ ಆನ್ ಮಾಡಿಟ್ಟರೆ, ವಾಲ್ಯೂಮ್‌ನ ಎರಡೂ ಬಟನ್ ಮೂರು ಸೆಕೆಂಡ್ ಒಟ್ಟಿಗೆ ಒತ್ತಿದಾಗ ಶುರುವಾಗುತ್ತದೆ. ಗೂಗಲ್ ಸ್ಪೀಚ್‌ನಲ್ಲಿ ಕನ್ನಡ ಧ್ವನಿಯನ್ನೂ ಇಳಿಸಿಕೊಂಡಿರಬೇಕು. ಅಂಕಿ ಬಂದಲ್ಲಿ ಪೂರ್ತಿ ಸಾಲು ಕೇಳಿ ನಂಬುವುದಿಲ್ಲ: ಮೂರು ಬೆರಳಿನಲ್ಲಿ ಮೇಲೆ ಕೆಳಗೆ ಸವರಿ ‘ಅಕ್ಷರಗಳು’ ಆಯ್ಕೆಗೆ ಬಂದು, ಒಂದು ಬೆರಳಿನಲ್ಲಿ ಕೆಳಗೆ ಸವರುತ್ತಾ ಒಂದೊಂದೇ ಅಂಕಿ ಕೇಳುತ್ತೇನೆ. 0.5 ಮತ್ತು 5ರ ನಡುವಿನ ಚುಕ್ಕಿ ಓಡುವ ಮಾತಿನಲ್ಲಿ ಸುಲಭವಾಗಿ ನುಂಗಿಹೋಗುತ್ತದೆ.

ಲ್ಯಾಬ್ ರಿಪೋರ್ಟಿನ ಫೋಟೋ ಬೇಡ, ಪಿಡಿಎಫ್ ಕಳಿಸಿ ಎಂದು ಕೌಂಟರಿನಲ್ಲೇ ಹೇಳಬೇಕು. ಅದರಲ್ಲೂ ಒಂದು ತೊಡಕಿದೆ. ಕೋಷ್ಟಕವನ್ನು ಓದುವಾಗ ಫೋನು ಕೆಲವು ಸಲ ಅಡ್ಡಸಾಲು ಬಿಟ್ಟು ಉದ್ದಸಾಲು ಹಿಡಿಯುತ್ತದೆ. ಮೊದಲು ಪರೀಕ್ಷೆಗಳ ಹೆಸರೆಲ್ಲ, ಆಮೇಲೆ ಫಲಿತಾಂಶವೆಲ್ಲ, ಕೊನೆಗೆ ಸಾಮಾನ್ಯ ಮಿತಿಯೆಲ್ಲ. ಯಾರದೋ ಅಂಕಿ ಯಾರಿಗೋ ಅಂಟುತ್ತದೆ, ಮಿತಿಯ 100 ನಮ್ಮ ಫಾಸ್ಟಿಂಗ್ ಸಕ್ಕರೆಯಂತೆ ಕೇಳಿಸುತ್ತದೆ. ಆ ಅನುಮಾನ ಬಂದರೆ ಲ್ಯಾಬಿಗೆ ಫೋನ್ ಮಾಡಿ ಮೂರನ್ನು ಒಟ್ಟಿಗೆ ಓದಿಸಿಕೊಳ್ಳುತ್ತೇನೆ: ಪರೀಕ್ಷೆಯ ಹೆಸರು, ಅಂಕಿ, ಯೂನಿಟ್.

ಮಾತ್ರೆ ಸ್ಟ್ರಿಪ್ಪಿಗೆ, ಕ್ಯಾಮೆರಾಕ್ಕೆ ಕಂಡ ಅಕ್ಷರವನ್ನು ಓದುವ ಗೂಗಲ್ ಲೆನ್ಸ್ ಸಾಕು, ಬೆಳಕು ಸರಿ ಇರಬೇಕು ಅಷ್ಟೆ. ನಮ್ಮ ಕರಾವಳಿಯ ಆಟಿ ತಿಂಗಳ ಮಳೆಗತ್ತಲಿಗೆ ಫ್ಲ್ಯಾಶ್ ಹಾಕುವ ಮನಸ್ಸಾಗುತ್ತದೆ, ಹಾಕಿದರೆ ಬೆಳ್ಳಿ ಹಾಳೆ ಮಿಂಚಿ ಒಂದಕ್ಷರವೂ ಸಿಗುವುದಿಲ್ಲ. ಕಿಟಕಿಯ ಪಕ್ಕ, ಒಂದು ಗೇಣು ದೂರದಲ್ಲಿ, ಸ್ಟ್ರಿಪ್ಪನ್ನು ತುಸು ಓರೆಯಾಗಿ ಹಿಡಿಯಬೇಕು. ಮೆಡಿಕಲ್‌ನವರು ಐದೇ ಮಾತ್ರೆ ಕತ್ತರಿಸಿ ಕೊಟ್ಟರೆ ಹೆಸರೋ ಎಕ್ಸ್‌ಪೈರಿಯೋ ಅಂಗಡಿಯಲ್ಲೇ ಉಳಿದಿರುತ್ತದೆ. ಇಡೀ ಸ್ಟ್ರಿಪ್ಪೇ ಕೇಳುವುದು. ಕಂಪನಿ ಹೆಸರಿನ ಬದಲು ಮದ್ದಿನ ಹೆಸರು ಮತ್ತು ಪ್ರಮಾಣವನ್ನು ಅವರಿಂದಲೇ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಕ್ಷೇಮ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆಗಳಲ್ಲಿ ಬ್ರ್ಯಾಂಡ್ ಒಂದೇ, ಕೊನೆಯ 1 ಅಥವಾ 2 ಮಾತ್ರ ಬೇರೆ. ಆ ಒಂದಂಕಿಯಲ್ಲಿ ಗ್ಲಿಮೆಪಿರೈಡ್ ಇಮ್ಮಡಿಯಾಗುತ್ತದೆ. ಮುಟ್ಟಿ ಗುರುತಿಸಲು ಬೆಳಗ್ಗಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ರಾತ್ರಿಯದಕ್ಕೆ ಎರಡು.

ಕನ್ನಡದ ಸರಕಾರಿ ಕರಪತ್ರಗಳದ್ದು ಬೇರೆಯೇ ಕಥೆ, ಮಾರಾಯ್ರೆ. ಪಿಡಿಎಫ್ ತೆರೆದರೆ ಟಾಕ್‌ಬ್ಯಾಕ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಫೋನು ಕೆಟ್ಟದ್ದಲ್ಲ, ಕಡತ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನದ್ದು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಚೆಲ್ಲಾಪಿಲ್ಲಿ. ಪುಟದ ಸ್ಕ್ರೀನ್‌ಶಾಟ್ ತೆಗೆದು ಲೆನ್ಸ್‌ಗೆ ಕೊಡಬೇಕು. ಪುಟಗಳು ಹೆಚ್ಚಿದ್ದರೆ ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಓದಬಲ್ಲ ಕನ್ನಡ ಬರುತ್ತದೆ. ಒತ್ತಕ್ಷರ ಅಲ್ಲಲ್ಲಿ ಮುರಿದರೂ ಅರ್ಥವಾಗುತ್ತದೆ. ಕನ್ನಡ ಅಂಕಿಯ ಸೊನ್ನೆ ಅನುಸ್ವಾರವಾಗಿಬಿಡುತ್ತದೆ ಎನ್ನುವುದೊಂದೇ ಎಚ್ಚರ. ಪ್ರಮಾಣಗಳನ್ನು ಕಣ್ಣಿದ್ದವರಿಂದ ಒಮ್ಮೆ ನೋಡಿಸಿ.

ಇನ್ನು ಹೊರದೇಶದ ಮಾಹಿತಿ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಪ್ರತಿ ವರ್ಷ ತನ್ನ ಮಾರ್ಗಸೂಚಿ ಪರಿಷ್ಕರಿಸುತ್ತದೆ, ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಪುಟಗಳು ಟಾಕ್‌ಬ್ಯಾಕ್‌ಗೆ ಬಲು ಸಲೀಸು. ಎರಡೂ ನಂಬಿಕಸ್ತವೇ. ಆದರೆ ಬ್ರಿಟನ್ನಿನ ಫಾಸ್ಟಿಂಗ್ 7 ಎಂದರೆ ಮಿಲಿಮೋಲ್ ಲೆಕ್ಕ. 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕದ 126, ಅಂದರೆ ಸಕ್ಕರೆ ಕಾಯಿಲೆ ಎಂದು ಗುರುತಿಸುವ ಗಡಿ. ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ 7 ಎಂದರೆ ಶೇಕಡಾ ಲೆಕ್ಕ, ಬಹಳ ಮಂದಿಗೆ ಅದು ಚಿಕಿತ್ಸೆಯ ಗುರಿ. ಕಿವಿಗೆ ಎರಡೂ ಏಳೇ. ಗಲ್ಫ್‌ನಿಂದ ಮಗ ತಂದುಕೊಟ್ಟ ಮೀಟರ್ ಮನೆಯಲ್ಲಿದ್ದರೆ ಅದರ ಯೂನಿಟ್ ಯಾವುದೆಂದು ಮೊದಲು ವಿಚಾರಿಸಿ.

ಇದಕ್ಕಿಂತ ಅಪಾಯದ್ದು ಇನ್ಸುಲಿನ್. ಹೊರದೇಶದ ವಿವರಣೆಗಳು ಸಾಮಾನ್ಯವಾಗಿ ಮಿಲಿಲೀಟರಿಗೆ 100 ಯೂನಿಟ್ ಎಂದು ಹಿಡಿದೇ ಮಾತಾಡುತ್ತವೆ. ನಮ್ಮಲ್ಲಿ ವಯಲ್ (ಚಿಕ್ಕ ಬಾಟಲಿ) ಸಾಮಾನ್ಯವಾಗಿ 40ರದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್ ಸಾಮಾನ್ಯವಾಗಿ 100ರದ್ದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಮುಚ್ಚಳದ ಬಣ್ಣ ಕಾಣದವರು ಇದರಲ್ಲಿ ಅಂದಾಜು ಮಾಡಬಾರದು, ಎರಡನ್ನೂ ಒಂದೇ ಮನೆಯಲ್ಲಿ ಇಡಲೂಬಾರದು. ಪೆನ್ನು ಸಾಮಾನ್ಯವಾಗಿ ಯೂನಿಟ್ಟಿಗೊಂದು ಕ್ಲಿಕ್ ಅನ್ನುತ್ತದೆ, ನಿಜ. ಆದರೂ ಕ್ಲಿಕ್ ಎಣಿಕೆಯನ್ನೇ ನಂಬಬೇಡಿ, ದೃಷ್ಟಿ ಕಡಿಮೆ ಇರುವವರು ತರಬೇತಿ ಇದ್ದವರ ನೆರವು ಪಡೆಯಿರಿ ಎಂದು ಪೆನ್ನು ಮಾಡಿದವರೇ ಹೇಳುತ್ತಾರೆ.

ಊಟದ ವಿಷಯಕ್ಕೆ ಹೊರಗಿನ ಪಟ್ಟಿ ಉಪಯೋಗಕ್ಕಿಲ್ಲ. ಬನ್ಸ್, ನೀರುದೋಸೆ, ಪತ್ರೊಡೆ ಅವರಿಗೇನು ಗೊತ್ತು? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕ ನೋಡಬೇಕು. ‘ಕುಚ್ಚಲಕ್ಕಿ ಎಷ್ಟು ಉಂಡರೂ ಸಕ್ಕರೆ ಏರದು’ ಎನ್ನುವ ಆಡಿಯೋ ಮಂಗಳೂರು, ಉಡುಪಿಯ ಮನೆಗಳಲ್ಲಿ ಸಲೀಸಾಗಿ ಓಡುತ್ತದೆ. ಆ ಕೋಷ್ಟಕದ ಪ್ರಕಾರ 100 ಗ್ರಾಂ ಕುಚ್ಚಲಕ್ಕಿಯಲ್ಲಿ ಸುಮಾರು 77 ಗ್ರಾಂ ಕಾರ್ಬೋಹೈಡ್ರೇಟ್, ಬೆಳ್ತಿಗೆ ಅಕ್ಕಿಯಲ್ಲಿ (ಬೇಯಿಸದೆ ಮಾಡಿದ ಬಿಳಿ ಅಕ್ಕಿ) ಸುಮಾರು 78. ಸಕ್ಕರೆ ಏರುವ ವೇಗ ತುಸು ಕಡಿಮೆ ಇರಬಹುದು, ಆದರೂ ಅನ್ನವನ್ನು ಲೆಕ್ಕ ಇಟ್ಟೇ ಉಣ್ಣಬೇಕು. ನಾನು ಅಳೆಯುವುದು ಒಂದೇ ಸೌಟಿನಲ್ಲಿ. ಉಂಡ ಎರಡು ಗಂಟೆಗೆ ಮೀಟರ್ ಏನು ಹೇಳುತ್ತದೋ ಅದೇ ನನ್ನ ಪಟ್ಟಿ. ಬ್ಲೂಟೂತ್ ಇರುವ ಮೀಟರಾದರೆ ಅಂಕಿ ಫೋನಿನ ಆ್ಯಪ್‌ಗೆ ಬಂದು ಟಾಕ್‌ಬ್ಯಾಕ್ ಓದುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಓದಿಸಿ ನೋಡಿ, ಕೆಲವು ಆ್ಯಪ್‌ಗಳು ಗ್ರಾಫ್ ತೋರಿಸಿ ಸುಮ್ಮನಾಗುತ್ತವೆ.

ಮಾತಾಡುವ ಮಾಹಿತಿಯನ್ನು ಪೂರ್ತಿ ಬಿಟ್ಟಿಲ್ಲ. ವಿಡಿಯೋ ಆದರೆ ಕೊನೆಯ ಎರಡು ನಿಮಿಷ ಮೊದಲು ಕೇಳುತ್ತೇನೆ: ಪುಡಿಯದೋ ಕಷಾಯದ್ದೋ ಆರ್ಡರ್ ನಂಬರ್ ಬಂದರೆ ಅಲ್ಲಿಗೇ ಮುಗಿಯಿತು. ‘ಮದ್ದು ನಿಲ್ಲಿಸಿ’ ಎಂದರೂ ಅಷ್ಟೆ. ಉಳಿದದ್ದರಲ್ಲಿ ಅನುಮಾನ ಇರುವುದನ್ನು ಚಿಕ್ಕ ವಾಯ್ಸ್ ನೋಟ್ ಮಾಡಿಟ್ಟು, ಒಪಿಡಿಯಲ್ಲಿ ಡಾಕ್ಟರಿಗೆ ಕೇಳಿಸಿ, ಅನುಮತಿ ಪಡೆದು ಉತ್ತರವನ್ನೂ ಅದರ ಬೆನ್ನಿಗೇ ರೆಕಾರ್ಡ್ ಮಾಡುವುದು. ರೆಕಾರ್ಡಿನ ಶುರುವಿಗೆ ತಾರೀಖು ಮತ್ತು ಡಾಕ್ಟರ ಹೆಸರು ಹೇಳಿರಬೇಕು, ಇಲ್ಲದಿದ್ದರೆ ಡೋಸ್ ಬದಲಾದ ಮೇಲೆ ಹಳೆಯದು ಯಾವುದು ಹೊಸದು ಯಾವುದು ಗೊತ್ತಾಗುವುದಿಲ್ಲ. ಕಣ್ಣ ಮುಂದೆ ದಿಢೀರನೆ ಕಪ್ಪು ಚುಕ್ಕಿಗಳ ಮಳೆಯೋ ಪರದೆಯೋ ಬಂದರೆ ಮಾತ್ರ ಮಾಹಿತಿ ಹುಡುಕುತ್ತಾ ಕೂರುವುದಿಲ್ಲ, ಅದೇ ದಿನ ಕಣ್ಣಿನ ಆಸ್ಪತ್ರೆಗೆ.