‘ಕ್ಯಾಪ್ ಇದೆಯಾ, ಇಲ್ವಾ?’: ಎಚ್‌ಎಸ್ ಕೋಡ್ ಬದಲಾವಣೆಗೆ ನಮ್ಮ ತಯಾರಿ

ಪೀಣ್ಯದಲ್ಲಿ ನಮ್ಮದು ಸಣ್ಣ ಘಟಕ. ಸೋಲಾರ್ ಬೀದಿದೀಪ, ಎಲ್‌ಇಡಿ ದೀಪ ಮಾಡುತ್ತೇವೆ. ಸೋಲಾರ್ ಪ್ಯಾನೆಲ್, ಎಲ್‌ಇಡಿ ಬಿಡಿಭಾಗ ಹೊರದೇಶದಿಂದ ತರಿಸುತ್ತೇವೆ, ಸಿದ್ಧ ದೀಪಗಳನ್ನು ಕೀನ್ಯಾಕ್ಕೆ ಕಳಿಸುತ್ತೇವೆ. ಆಮದು, ರಫ್ತಿನ ಕಾಗದಪತ್ರ ಪೂರ್ತಿ ನನ್ನ ಮೇಜಿನದು.

2022ರ ಜನವರಿ ಮೊದಲ ವಾರ. ವೈಟ್‌ಫೀಲ್ಡ್ ಕಂಟೇನರ್ ಡಿಪೋಗೆ ಹೊರಡಬೇಕಾದ ಮಾಲು ಪ್ಯಾಕ್ ಆಗಿ ನಿಂತಿತ್ತು. ನಮ್ಮ ಸಿಎಚ್‌ಎ, ಅಂದರೆ ಕಸ್ಟಮ್ಸ್ ಕೆಲಸ ನೋಡಿಕೊಳ್ಳುವ ಏಜೆಂಟ್, ಫೋನ್ ಮಾಡಿದರು. ‘ಮೇಡಂ, ಇನ್‌ವಾಯ್ಸ್‌ನಲ್ಲಿ 9405.40 ಅಂತ ಹಾಕಿದ್ದೀರಿ. ಆ ಕೋಡೇ ಈಗ ಇಲ್ಲ.’ ಅವರು ಹೇಳಿದ್ದು ಎಚ್‌ಎಸ್ ಕೋಡ್, ಅಂದರೆ ಆಮದು, ರಫ್ತಿನಲ್ಲಿ ಇದು ಯಾವ ಸರಕು ಎಂದು ಗುರುತಿಸುವ ಸಂಖ್ಯೆ.

ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಎಲ್ಲ ಹೊಸದಾಗಿ ಮಾಡಿದ್ದಾಯಿತು. ಅಷ್ಟರಲ್ಲಿ ಇನ್ನೊಂದು ತೊಡಕು. ಡಿಸೆಂಬರ್‌ನಲ್ಲೇ ಬಂದಿದ್ದ ಎಲ್‌ಸಿಯಲ್ಲಿ (ಹಣ ಕೊಡುತ್ತೇವೆ ಎಂದು ಗ್ರಾಹಕರ ಬ್ಯಾಂಕ್ ಕೊಡುವ ಖಾತರಿ ಪತ್ರ) ಹಳೆಯ ಕೋಡ್ ಅಚ್ಚಾಗಿತ್ತು. ಇನ್‌ವಾಯ್ಸ್‌ಗೂ ಎಲ್‌ಸಿಗೂ ತಾಳೆ ಆಗುವುದಿಲ್ಲ ಎಂದು ಬ್ಯಾಂಕ್ ತಕರಾರು ತೆಗೆಯಿತು. ತಿದ್ದುಪಡಿ ಬರುವವರೆಗೆ ಹಣ ನಿಂತಿತು. ಸಣ್ಣ ಘಟಕಕ್ಕೆ ಮೂರು ವಾರ ಹಣ ನಿಂತರೆ ಸಂಬಳದ ದಿನ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಬದಲಾವಣೆ ಬರುತ್ತದೆ ಎಂಬ ಸುದ್ದಿ ಮೊದಲೇ ಇತ್ತು. ಅದನ್ನು ಸಿಎಚ್‌ಎ ನೋಡಿಕೊಳ್ಳುತ್ತಾರೆ ಎಂದು ನಾನು ಬಿಟ್ಟಿದ್ದೆ. ಅದು ನನ್ನ ತಪ್ಪು.

ಹೊಸಬರಿಗಾಗಿ ಎರಡು ಮಾತು. ಕೋಡಿನ ಮೊದಲ 6 ಅಂಕಿ ಪ್ರಪಂಚಕ್ಕೆಲ್ಲ ಒಂದೇ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಅದನ್ನು ನಿಭಾಯಿಸುತ್ತದೆ. ಕೊನೆಯ 2 ಅಂಕಿ ನಮ್ಮ ದೇಶದವು. 1988ರಲ್ಲಿ ಜಾರಿಗೆ ಬಂದ ಈ ಪಟ್ಟಿ ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಪರಿಷ್ಕಾರವಾಗುತ್ತದೆ. ಈ ಸಲ ಮಾತ್ರ 6 ವರ್ಷ. ಮುಂದಿನದು 2028ರ ಜನವರಿ 1ಕ್ಕೆ ಜಾರಿ.

2022ರಲ್ಲಿ ನಮ್ಮ ಸಾಮಾನುಗಳ ಕೋಡ್‌ಗಳೇ ಒಡೆದು ಹೋದವು. 8541.40 ಎಂಬ ಒಂದೇ ಕೋಡ್‌ನಲ್ಲಿದ್ದದ್ದು ನಾಲ್ಕಾಯಿತು: ಎಲ್‌ಇಡಿಗೆ 8541.41, ಬಿಡಿ ಸೋಲಾರ್ ಸೆಲ್‌ಗೆ 8541.42, ಪ್ಯಾನೆಲ್ ಆಗಿ ಜೋಡಿಸಿದ್ದಕ್ಕೆ 8541.43, ಉಳಿದದ್ದಕ್ಕೆ 8541.49. ಸೆಲ್ ಮತ್ತು ಪ್ಯಾನೆಲ್ ನಮ್ಮ ದೇಶದ 8 ಅಂಕಿಯಲ್ಲಿ ಮೊದಲೇ ಬೇರೆ ಇದ್ದವು, ಹಾಗಾಗಿ ಅಷ್ಟು ಸುಲಭವಾಯಿತು. ಆದರೆ ಆ ವರ್ಷ ಏಪ್ರಿಲ್ 1ರಿಂದ ಸೆಲ್‌ಗೆ 25%, ಪ್ಯಾನೆಲ್‌ಗೆ 40% ಮೂಲ ಸುಂಕ ಬಂತು. ಆಗ ಒಂದು ಅಂಕಿ ತಪ್ಪಿದರೆ ಸುಂಕದಲ್ಲಿ 15% ವ್ಯತ್ಯಾಸವಾಗುತ್ತಿತ್ತು.

ನಿಜವಾಗಿ ತಲೆ ಕೆಡಿಸಿದ್ದು ದೀಪಗಳು. ವಿಶ್ವ ಕಸ್ಟಮ್ಸ್ ಸಂಸ್ಥೆ ಹಳೆ ಕೋಡ್, ಹೊಸ ಕೋಡ್ ಹೊಂದಿಸಿದ ಪಟ್ಟಿ ಕೊಡುತ್ತದೆ. ಅದರಲ್ಲಿ ಎಲ್‌ಇಡಿ ಲ್ಯಾಂಪ್‌ನ ಹಳೆ ಕೋಡ್ 8539.50ರ ಎದುರು 8539.51, 8539.52 ಎಂದು ಎರಡೂ ಇರುತ್ತವೆ. ನಿಮ್ಮ ಮಾಲು ಯಾವುದು ಎಂದು ಪಟ್ಟಿ ಹೇಳುವುದಿಲ್ಲ. ನಮ್ಮ ಕಂಪ್ಯೂಟರ್‌ನಲ್ಲೋ ‘ಎಲ್‌ಇಡಿ 12 ವ್ಯಾಟ್, ಬಿಳಿ’ ಎಂದಷ್ಟೇ ಇತ್ತು. ಅದನ್ನು ಎಷ್ಟು ದಿಟ್ಟಿಸಿ ನೋಡಿದರೂ ಉತ್ತರ ಸಿಗುವುದಿಲ್ಲ.

ಕೊನೆಗೆ ಸ್ಟೋರ್ ನೋಡಿಕೊಳ್ಳುವ ಅಣ್ಣನ ಹತ್ತಿರ ಹೋದೆ. ಅವರು ಒಂದೊಂದೇ ಡಬ್ಬಿ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ನಾನು ಕೋಡ್ ಪಟ್ಟಿಯ 85ನೇ ಅಧ್ಯಾಯದ ಟಿಪ್ಪಣಿ ಹಿಡಿದು ಕೂತೆ. ‘ಅಣ್ಣಾ, ಇದಕ್ಕೆ ಕ್ಯಾಪ್ ಇದೆಯಾ?’ ಹೋಲ್ಡರ್‌ಗೆ ತಿರುಗಿಸಿಯೋ ಸಿಕ್ಕಿಸಿಯೋ ಹಾಕುವಂಥ ಕ್ಯಾಪ್ ಇದ್ದರೆ ಅದು ಎಲ್‌ಇಡಿ ಲ್ಯಾಂಪ್, 8539.52. ಕ್ಯಾಪ್ ಇಲ್ಲದೆ ದೀಪದೊಳಗೆ ಕೂರಿಸುವುದಾದರೆ ಮಾಡ್ಯೂಲ್, 8539.51. ಆದರೆ ಮಾಡ್ಯೂಲ್ ಎನ್ನಲು ಬೋರ್ಡ್ ಮೇಲೆ ಬರೀ ಎಲ್‌ಇಡಿ ಇದ್ದರೆ ಸಾಲದು, ಕರೆಂಟ್ ಕೊಡುವ ಅಥವಾ ಹಿಡಿತದಲ್ಲಿಡುವ ಭಾಗವೂ ಅದರಲ್ಲಿ ಇರಬೇಕು. ಅಣ್ಣ ಒಂದು ಬೋರ್ಡನ್ನು ಬೆಳಕಿಗೆ ಹಿಡಿದು, ಸಾಸಿವೆ ಕಾಳಿನಷ್ಟಿದ್ದ ರೆಸಿಸ್ಟರನ್ನು ಉಗುರಿನಿಂದ ತೋರಿಸಿದರು. ‘ಇದರಲ್ಲಿದೆ ನೋಡಿ ಮೇಡಂ. ಅದೇ ಸೈಜಿನ ಇನ್ನೊಂದರಲ್ಲಿ ಇಲ್ಲ.’ ಎರಡಕ್ಕೂ ನಾವು ಒಂದೇ ಐಟಂ ನಂಬರ್ ಕೊಟ್ಟಿದ್ದೆವು!

ಬೀದಿದೀಪಗಳದ್ದೂ ಇದೇ ಕಥೆ. ಹಳೆಯ 9405.40 ಒಡೆದು, ಸೋಲಾರ್‌ನಲ್ಲಿ ಉರಿಯುವ, ಎಲ್‌ಇಡಿಗೆಂದೇ ಮಾಡಿದ ದೀಪ 9405.41 ಆಯಿತು. ಸೋಲಾರ್ ಇಲ್ಲದ ಎಲ್‌ಇಡಿ ದೀಪ 9405.42, ಉಳಿದದ್ದು 9405.49. ‘ಎಲ್‌ಇಡಿಗೆಂದೇ’ ಎಂಬ ಮಾತಿನಲ್ಲೇ ಎಲ್ಲ ಇದೆ. ಡಬ್ಬಿಯಲ್ಲಿ ಎಲ್‌ಇಡಿ ಬಲ್ಬ್ ಇಟ್ಟು ಮಾರಿದರೂ, ಆ ಹೋಲ್ಡರ್‌ಗೆ ಸಿಎಫ್‌ಎಲ್ ಕೂಡ ಕೂರುತ್ತದೆ ಎಂದರೆ ಲೆಕ್ಕ ಬೇರೆ. ಇಂಥ ವಿಷಯ ಅಕೌಂಟ್ಸ್‌ನವರಿಗೆ ಗೊತ್ತಿರುವುದಿಲ್ಲ. ಜೋಡಿಸುವವರನ್ನೇ ಕೇಳಬೇಕು.

ಇನ್ನೊಂದು ಪಾಠ ಕೀನ್ಯಾದ ಗ್ರಾಹಕರಿಂದ ಬಂತು. ನಮ್ಮ ಶಿಪ್ಪಿಂಗ್ ಬಿಲ್‌ನಲ್ಲಿ (ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ಘೋಷಣೆ) 9405.41, ಅವರ ಪಟ್ಟಿಯಲ್ಲಿ ಆ ಕೋಡೇ ಇಲ್ಲ. ನೀವು ತಪ್ಪು ಹಾಕಿದ್ದೀರಿ ಎಂದು ಅವರ ವಾದ. ತಪ್ಪು ಯಾರದ್ದೂ ಇರಲಿಲ್ಲ. ನಾವು ಜನವರಿ 1ಕ್ಕೇ ಬದಲಾಗಿದ್ದೆವು. ಕೀನ್ಯಾ ಸೇರಿರುವ ಪೂರ್ವ ಆಫ್ರಿಕಾ ಸಮುದಾಯ ಹೊಸ ಪಟ್ಟಿ ತಂದಿದ್ದು 2022ರ ಜುಲೈ 1ಕ್ಕೆ. ಅಮೆರಿಕ ಕೂಡ ಜನವರಿ 27ರವರೆಗೆ ಕಾದಿತ್ತು. ಆ ಆರು ತಿಂಗಳು ಪ್ರತಿ ಕಂಟೇನರ್ ಜೊತೆ ಎರಡೂ ಕೋಡ್ ವಿವರಿಸಿದ ಒಂದು ಪುಟದ ಪತ್ರ ಕಳಿಸಿದೆವು. ಆಮೇಲೆ ತಕರಾರು ಬರಲಿಲ್ಲ.

ಈಗ 2028ಕ್ಕೆ ಏನು ಮಾಡುತ್ತಿದ್ದೇವೆ, ಹೇಳುತ್ತೇನೆ. ಮೊದಲು ಐಟಂ ಪಟ್ಟಿ. ಒಂದೊಂದು ವಸ್ತುವಿಗೂ ಅದು ಏನು, ಯಾವುದರಿಂದ ಆಗಿದೆ, ಏನು ಕೆಲಸ ಮಾಡುತ್ತದೆ ಎಂದು ಸರಳ ಕನ್ನಡದಲ್ಲಿ ಎರಡು ಸಾಲು, ಒಂದು ಫೋಟೋ. ಪಕ್ಕದಲ್ಲಿ ಈ ಕೋಡ್ ಯಾಕೆ, ಯಾರು ತೀರ್ಮಾನಿಸಿದರು, ಯಾವ ದಿನ. ಈ ‘ಯಾಕೆ’ ಕಾಲಂ ನನಗೆ ತುಂಬಾ ಮುಖ್ಯ. ಕೋಡ್ ಬದಲಾದರೂ ವಸ್ತು ಬದಲಾಗುವುದಿಲ್ಲ. ಅದರ ವಿವರ ಕೈಯಲ್ಲಿದ್ದರೆ ಯಾವ ಹೊಸ ಪಟ್ಟಿ ಬಂದರೂ ಕೂತು ಹೊಂದಿಸಬಹುದು. ಜಾಸ್ತಿ ಹಣ ಓಡಾಡುವ ಐಟಂಗಳಿಂದ ಶುರು ಮಾಡಿದೆವು. ದಿನಕ್ಕೆ ನಾಲ್ಕೈದಾದರೆ ಸಾಕು.

ಆಮೇಲೆ ಕೋಡ್ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿದೆ. ಜಿಎಸ್‌ಟಿ ಬಿಲ್, ಅಡ್ವಾನ್ಸ್ ಲೈಸೆನ್ಸ್ (ರಫ್ತು ಮಾಲಿಗೆ ಬೇಕಾದದ್ದನ್ನು ಸುಂಕವಿಲ್ಲದೆ ತರಿಸುವ ಪರವಾನಗಿ), ರೋಡ್‌ಟೆಪ್ (ರಫ್ತುದಾರರಿಗೆ ತೆರಿಗೆ ಮರಳಿಸುವ ಯೋಜನೆ) ಲೆಕ್ಕ, ಮೂಲದ ಪ್ರಮಾಣಪತ್ರ (ಮಾಲು ಯಾವ ದೇಶದ್ದು ಎಂಬ ದಾಖಲೆ), ಸಪ್ಲೈಯರ್ ಜೊತೆಗಿನ ಕರಾರು, ಡಬ್ಬಿಯ ಲೇಬಲ್ ಕೂಡ. ಮೂಲದ ಪ್ರಮಾಣಪತ್ರದ ವಿಷಯದಲ್ಲಿ ಜೋಪಾನ. ವ್ಯಾಪಾರ ಒಪ್ಪಂದಗಳು ಸಹಿ ಆದ ಕಾಲದ ಕೋಡ್‌ಗಳಲ್ಲೇ ಬರೆದಿರುತ್ತವೆ, ಹೊಸ ಪಟ್ಟಿ ಬಂದ ತಕ್ಷಣ ತಾವಾಗಿ ಬದಲಾಗುವುದಿಲ್ಲ. ಅದಕ್ಕೇ ಹಳೆ ಕೋಡನ್ನು ಅಳಿಸುತ್ತಿಲ್ಲ, ಪಕ್ಕದಲ್ಲೇ ಇಟ್ಟುಕೊಂಡಿದ್ದೇವೆ.

ಎಲ್‌ಸಿಯಲ್ಲಿ ಕೋಡ್ ನಮೂದಿಸಬೇಡಿ, ಸರಕಿನ ವಿವರ ಸಾಕು ಎಂದು ಗ್ರಾಹಕರಿಗೆ ಈಗಲೇ ಹೇಳಿದ್ದೇವೆ, ಅವರು ಒಪ್ಪಿದ್ದಾರೆ. ಡಿಸೆಂಬರ್‌ನಲ್ಲಿ ಹಡಗು ಹತ್ತಿ ಜನವರಿಯಲ್ಲಿ ಬರುವ ಪ್ಯಾನೆಲ್‌ಗಳನ್ನೂ ಗುರುತು ಹಾಕಿಕೊಳ್ಳಬೇಕು. ಬಿಲ್ ಆಫ್ ಎಂಟ್ರಿ (ಆಮದಿನ ಘೋಷಣೆ) ಮುಂಚೆಯೇ ಸಲ್ಲಿಸಿದ್ದರೂ ಹಡಗು ಒಳಬಂದ ದಿನದ ಸುಂಕವೇ ಲೆಕ್ಕಕ್ಕೆ ಬರುತ್ತದೆ. 2027ರ ಕೊನೆಯ ಎರಡು ವಾರ ಆದಷ್ಟು ಮಾಲು ಕಳಿಸದಿರಲು ಯೋಚಿಸಿದ್ದೇವೆ.

2028ರ ದೊಡ್ಡ ಬದಲಾವಣೆಗಳಲ್ಲಿ ಲಸಿಕೆ, ಆಹಾರ ಪೂರಕಗಳು ಇವೆ. ಆ ವ್ಯಾಪಾರದಲ್ಲಿರುವವರು ಇವತ್ತೇ ಶುರು ಮಾಡಿ ಎಂದು ಕೈಮುಗಿದು ಕೇಳುತ್ತೇನೆ.

ನಮ್ಮಲ್ಲಿ ಇನ್ನೂ ಒಂದು ಕಪಾಟು ಬಾಕಿ. ಟೇಬಲ್ ಲ್ಯಾಂಪ್‌ಗಳು, ಎಲ್ಲಕ್ಕೂ ಹೋಲ್ಡರ್ ಇದೆ. ಮಂಗಳವಾರ ಊಟ ಆದಮೇಲೆ ಬಿಚ್ಚೋಣ ಎಂದಿದ್ದಾರೆ ಅಣ್ಣ. ಒಂದು ಸಿಎಫ್‌ಎಲ್ ಬಲ್ಬ್ ಹುಡುಕಿ ತರಲು ನನಗೆ ಹೇಳಿದ್ದಾರೆ.