‘ಮಾ’ ಅನ್ನೋ ಒಂದಕ್ಷರದ ಬೆನ್ನು ಹತ್ತೋದು ಹೇಗೆ

ಪದಗಳ ಮೂಲ ಹುಡುಕೋ ಚಟ ಇರೋರಿಗೆ ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ಉದ್ದನೇ ಪದ ಹುಡುಕೋದು ಸುಲಭ, ಒಂದಕ್ಷರದ ಪದಾನೇ ತಲೆನೋವು. ‘ವಿಶ್ವವಿದ್ಯಾಲಯ’ದಂಥ ಪದ ಎರಡು ಭಾಷೇಲಿ ಒಂದೇ ಥರ ಕಂಡ್ರೆ ಅದು ಕಾಕತಾಳೀಯ ಆಗಿರೋ ಚಾನ್ಸೇ ಇಲ್ಲ, ಆದ್ರೆ ‘ಮಾ’ ಇಪ್ಪತ್ತು ಭಾಷೇಲಿ ಕಂಡ್ರೂ ಅದ್ರಿಂದ ಏನೂ ಸಾಬೀತಾಗಲ್ಲ. ನನಗೆ ಶುರುವಲ್ಲಿ ಇದು ಗೊತ್ತಿರ್ಲಿಲ್ಲ. ಒಂದು ಎಕ್ಸೆಲ್ ಶೀಟ್ ತೆಗೆದು ಎಲ್ಲೆಲ್ಲಿ ‘ಮಾ’ ಕಾಣ್ಸುತ್ತೋ ಎಲ್ಲಾ ತುಂಬಿ, ಇವೆಲ್ಲ ಒಂದೇ ತಾಯಿ ಮಕ್ಳು ಅಂತ ತೀರ್ಮಾನ ಮಾಡಿ, ಫ್ರೆಂಡ್ಸ್ ಗ್ರೂಪಿಗೂ ಕಳ್ಸಿ ಬೀಗಿದ್ದೆ. ಮುಕ್ಕಾಲು ಭಾಗ ತಪ್ಪು. ಆ ಶೀಟನ್ನೇ ಮುಂದಿಟ್ಕೊಂಡು ಹೇಗೆ ಮಾಡ್ಬೇಕಿತ್ತು ಅಂತ ಬರೀತೀನಿ, ನೀವು ಬೇರೆ ಯಾವ ಪುಟ್ಟ ಪದ ತಗೊಂಡ್ರೂ ದಾರಿ ಹೆಚ್ಚು ಕಮ್ಮಿ ಇದೇ.

ಪಟ್ಟಿ ಮಾಡಿ, ಆದ್ರೆ ಕಿವಿಯಿಂದ ಮಾಡಿ

ಮೊದಲ್ನೇ ತಪ್ಪು ಆಗೋದೇ ಇಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಎಮ್ಮು ಎಯ್ಯು ಅಂತ ಬರೆದಿರೋದನ್ನೆಲ್ಲ ಒಂದೇ ಪದ ಅಂತ ಅಂದ್ಕೊಂಡ್ಬಿಡ್ತೀವಿ. ಫಿನ್ನಿಶ್‌ನಲ್ಲಿ ದೀರ್ಘ ಎಳೆದು ‘ಮಾ’ ಅಂದ್ರೆ ನೆಲ, ದೇಶ. ಹಂಗೇರಿಯನ್‌ನಲ್ಲಿ ಇವತ್ತು ಅನ್ನೋದಕ್ಕೂ ಅದೇ ಸ್ಪೆಲಿಂಗ್ ಥರ ಕಾಣುತ್ತೆ, ಆದ್ರೆ ಅದು ಹ್ರಸ್ವ, ತುಟಿ ಸ್ವಲ್ಪ ಗುಂಡಗೆ ಮಾಡಿ ‘ಮ’ಗೂ ‘ಮೊ’ಗೂ ಮಧ್ಯೆ ಹೇಳ್ಬೇಕು. ಅರೇಬಿಕ್‌ನಲ್ಲಿ ‘ಮಾ’ ಅಂದ್ರೆ ಏನು ಅನ್ನೋ ಪ್ರಶ್ನೆ, ನೀರಿಗೂ ‘ಮಾ’ ಅಂತಾನೇ ನಾವು ಬರ್ಕೋತೀವಿ, ಆದ್ರೆ ನೀರಿನ ಪದದ ಕೊನೇಲಿ ಗಂಟಲು ಟಕ್ ಅಂತ ಮುಚ್ಚುತ್ತೆ, ಅದೂ ಒಂದು ವ್ಯಂಜನ, ಅದನ್ನ ಬಿಡೋ ಹಾಗಿಲ್ಲ.

ಟೋನ್ ಇರೋ ಭಾಷೆಗಳಂತೂ ಕೇಳ್ಲೇಬೇಡಿ. ಮ್ಯಾಂಡರಿನ್‌ನಲ್ಲಿ ಎತ್ತರದ ದನಿ ಹಾಗೇ ಸಮ ಇಟ್ರೆ ಅಮ್ಮ, ದನಿ ಏರಿಸಿದ್ರೆ ಸೆಣಬು, ಇಳಿಸಿ ಏರಿಸಿದ್ರೆ ಕುದುರೆ, ದಢಕ್ ಅಂತ ಇಳಿಸಿದ್ರೆ ಬೈಯೋದು, ಟೋನೇ ಇಲ್ದೆ ವಾಕ್ಯದ ಕೊನೆಗೆ ಅಂಟಿಸಿದ್ರೆ ಪ್ರಶ್ನೆ, ನಾವು ‘ಬಂದ’ ಅನ್ನೋದನ್ನ ‘ಬಂದನಾ’ ಅಂತೀವಲ್ಲ ಹಾಗೆ. ವಿಯೆಟ್ನಾಮಿ ಭಾಷೇಲಿ ಆರು ಟೋನ್, ಆರಕ್ಕೂ ಆರು ಅರ್ಥ: ದೆವ್ವ, ಕೆನ್ನೆ, ‘ಆದ್ರೆ’, ಗೋರಿ, ಕುದುರೆ, ಭತ್ತದ ಸಸಿ. ಕೆನ್ನೆ ಅನ್ನೋ ಟೋನಿನಲ್ಲೇ ಅಮ್ಮ ಅನ್ನೋ ಅರ್ಥಾನೂ ಇದೆ. ಇವನ್ನೆಲ್ಲ ಒಂದೇ ಸೆಲ್ಲಲ್ಲಿ ‘ಮಾ’ ಅಂತ ತುಂಬಿದ್ರೆ ಅಲ್ಲಿಗೆ ಕಥೆ ಮುಗೀತು. ಶೀಟಲ್ಲಿ ಟೋನ್, ಹ್ರಸ್ವ-ದೀರ್ಘ, ಕೊನೇ ಧ್ವನಿ, ಮೂರಕ್ಕೂ ಬೇರೆ ಕಾಲಮ್ ಮಾಡಿ.

ಒಂದೇ ಭಾಷೆಯೊಳಗೇ ಬಿಡಿಸಿ

ಬೇರೆ ಭಾಷೆಗೆ ಹಾರೋ ಮುಂಚೆ ಒಂದೊಂದು ಭಾಷೆಯೊಳಗೆ ಎಷ್ಟು ‘ಮಾ’ ಇವೆ ನೋಡ್ಕೊಳ್ಳಿ. ಒಳ್ಳೇ ನಿಘಂಟು ಇದನ್ನ ನಂಬರ್ ಹಾಕಿ ಬೇರೆ ಬೇರೆ ಮಾಡಿರುತ್ತೆ. 1899ರ ಮೋನಿಯರ್ ವಿಲಿಯಮ್ಸ್ ಸಂಸ್ಕೃತ ನಿಘಂಟಲ್ಲಿ ‘ಮಾ’ ತೆಗೆದ್ರೆ ಒಂದಲ್ಲ, ಸಾಲು ಸಾಲು. ಬೇಡ ಅನ್ನೋ ‘ಮಾ’, ನನ್ನನ್ನು ಅನ್ನೋ ‘ಮಾ’, ಅಳೆ ಅನ್ನೋ ಧಾತು ‘ಮಾ’, ಲಕ್ಷ್ಮಿ ಅನ್ನೋ ‘ಮಾ’. ಮಾತ್ರೆ, ಮಾನ, ಪ್ರಮಾಣ ಎಲ್ಲಾ ಆ ಅಳೆಯೋ ಧಾತುವಿಂದ ಬಂದಿದ್ದು, ಬೇಡ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇಲ್ಲಿ ಒಂದು ಮಜಾ ಇದೆ. ‘ಮಾ ನಿಷಾದ’ ಅಂತ ಶುರುವಾಗೋ ವಾಲ್ಮೀಕಿ ಶ್ಲೋಕ ಎಲ್ಲರಿಗೂ ಗೊತ್ತು. ಎಲೈ ಬೇಟೆಗಾರ, ನಿನಗೆ ನೆಲೆ ಸಿಗದಿರಲಿ ಅನ್ನೋ ಶಾಪ ಅದು, ಅಲ್ಲಿ ‘ಮಾ’ ಅಂದ್ರೆ ನಿಷೇಧ. ಆದ್ರೆ ಕಾವ್ಯ ಶಾಪದಿಂದ ಶುರುವಾಗೋದು ಹೇಗೆ ಅಂತ ವ್ಯಾಖ್ಯಾನಕಾರರು ‘ಮಾನಿಷಾದ’ ಅಂತ ಸೇರಿಸಿ ಓದಿ ಲಕ್ಷ್ಮಿಗೆ ನೆಲೆಯಾದವನು, ಅಂದ್ರೆ ವಿಷ್ಣು ಅಂತ ಮಂಗಳದ ಅರ್ಥ ತೆಗೆದ್ರು. ಒಂದೇ ಅಕ್ಷರ, ಎರಡು ನಂಬರು, ಶಾಪ ಹೋಗಿ ಆಶೀರ್ವಾದ! ವ್ಯಾಕರಣ ನೋಡಿದ್ರೆ ಸಾಮಾನ್ಯವಾಗಿ ಈ ‘ಮಾ’ ಬಂದಾಗ ಭೂತಕಾಲದ ಕ್ರಿಯಾಪದದ ಮುಂದಿನ ‘ಅ’ ಬಿದ್ದು ಹೋಗ್ಬೇಕು, ‘ಮಾ ಗಮಃ’ ಅಂತ ಆಗ್ಬೇಕು, ಶ್ಲೋಕದಲ್ಲಿ ‘ಅಗಮಃ’ ಅಂತಾನೇ ಇದೆ, ಅದನ್ನ ಸರಿಪಡಿಸೋಕೆ ಪಂಡಿತರು ಬೇರೆ ತಲೆ ಕೆಡಿಸ್ಕೊಂಡಿದಾರೆ. ನನ್ ಕೇಳಿದ್ರೆ ಎರಡನೇ ಓದು ಕಾವ್ಯದ ಆಸ್ವಾದಕ್ಕೆ ಚೆಂದ, ಪದದ ಚರಿತ್ರೆಗೆ ಬೇಡ. ಇವೆರಡನ್ನೂ ಬೇರೆ ಇಟ್ಕೊಂಡ್ರೆ ಯಾರ ಜೊತೆನೂ ಜಗಳ ಆಗಲ್ಲ.

ಹಳೇ ರೂಪ ಸಿಗೋ ತನಕ ಏನೂ ಹೇಳ್ಬೇಡಿ

ಇದೇ ಮುಖ್ಯ ಕೆಲಸ, ಟೈಮ್ ಹಿಡಿಯೋದೂ ಇದೇ. ಇವತ್ತಿನ ಮುಖ ನೋಡಿ ನೆಂಟಸ್ತನ ಹೇಳ್ಬಾರ್ದು, ಪದದ ಅಜ್ಜಿ ಮುಖ ನೋಡ್ಬೇಕು.

ಇಟಾಲಿಯನ್‌ನಲ್ಲಿ ‘ಮಾ’ ಅಂದ್ರೆ ‘ಆದ್ರೆ’. ನನ್ನ ಶೀಟಲ್ಲಿ ಇದನ್ನ ಸಂಸ್ಕೃತದ ಬೇಡ ಅನ್ನೋ ‘ಮಾ’ ಪಕ್ಕ ಕೂರ್ಸಿದ್ದೆ, ಎರಡೂ ಅಡ್ಡ ಹೇಳೋ ಪದ ಅಲ್ವಾ ಅಂತ. ಆಮೇಲೆ ಲ್ಯಾಟಿನ್ ನೋಡಿದ್ರೆ ಅದು ‘ಮಗಿಸ್’, ಅಂದ್ರೆ ‘ಹೆಚ್ಚು’. ಫ್ರೆಂಚಿನ ‘ಮೆ’, ಸ್ಪ್ಯಾನಿಶ್‌ನ ‘ಮಾಸ್’ ಎಲ್ಲಾ ಅದರ ಮಕ್ಕಳೇ. ಆ ಮಗಿಸ್ ಇದ್ಯಲ್ಲ, ಅದು ದೊಡ್ಡದು ಅನ್ನೋ ಲ್ಯಾಟಿನ್ ‘ಮಾಗ್ನುಸ್’, ಗ್ರೀಕಿನ ‘ಮೆಗಾ’, ಸಂಸ್ಕೃತದ ‘ಮಹಾ’ ಇವುಗಳ ಮನೆತನ. ಅಂದ್ರೆ ಇಟಾಲಿಯನ್ ‘ಮಾ’ಗೆ ಸಂಸ್ಕೃತದಲ್ಲಿ ನೆಂಟರು ಇದಾರೆ, ಆದ್ರೆ ಅದು ‘ಮಾ’ ಅಲ್ಲ, ‘ಮಹಾ’. ಒಂದೇ ಥರ ಕಾಣೋದು ನೆಂಟನಲ್ಲ, ಬೇರೆ ಥರ ಕಾಣೋದು ನೆಂಟ.

ಇದಕ್ಕಿಂತ ಹತ್ತಿರದ್ದು ಬೇಕಾ, ತೆಲುಗು ನೋಡಿ. ತೆಲುಗಲ್ಲಿ ‘ಮಾ’ ಅಂದ್ರೆ ನಮ್ಮ, ಅದೂ ಕೇಳೋನನ್ನ ಬಿಟ್ಟು ನಮ್ಮ. ಕೇಳೋನೂ ಸೇರಿದ್ರೆ ‘ಮನ’ ಅಂತಾರೆ. ಇದಕ್ಕೂ ಕನ್ನಡಕ್ಕೂ ಏನು ಸಂಬಂಧ ಅನ್ಸುತ್ತೆ, ನಾವು ‘ನಮ್ಮ’ ಅಂತೀವಲ್ಲ. ಹಳಗನ್ನಡಕ್ಕೆ ಹೋಗಿ, ಅಲ್ಲಿ ‘ಎಮ್ಮ’ ಅಂತ ಸಿಗುತ್ತೆ, ಹಳೇ ತಮಿಳಲ್ಲಿ ‘ಎಮ್’. ಮೂಲ ದ್ರಾವಿಡದಲ್ಲಿ ಮುಂದೆ ಸ್ವರ, ಹಿಂದೆ ಮಕಾರ ಇದ್ದ ಬೇರು ಅದು, ತೆಲುಗಲ್ಲಿ ಸ್ವರ-ವ್ಯಂಜನ ಜಾಗ ಬದಲಾಯ್ಸಿಕೊಂಡು ಮಕಾರ ಮುಂದಕ್ಕೆ ಬಂತು. ‘ಎಮ್ಮ’ದ ‘ಮ’ ಮತ್ತು ‘ಮಾ’ ಒಂದೇ ಬೇರಿಂದು ಅಂತ ಗೊತ್ತಾದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅದೇ ಶೀಟಲ್ಲಿ ಫ್ರೆಂಚಿನ ‘ಮಾ’, ನನ್ನ ಅನ್ನೋ ಅರ್ಥ, ತೆಲುಗಿನ ಪಕ್ಕಾನೇ ಇತ್ತು. ಅದು ಲ್ಯಾಟಿನ್ ‘ಮೆಅ’ ಸವೆದು ಬಂದಿದ್ದು, ಅದಕ್ಕೆ ಸಂಸ್ಕೃತದ ನನ್ನನ್ನು ಅನ್ನೋ ‘ಮಾ’ ನಿಜವಾದ ನೆಂಟ, ತೆಲುಗಲ್ಲ.

ಎಲ್ಲಿ ಹುಡುಕ್ಬೇಕು ಅಂದ್ರೆ, ದ್ರಾವಿಡಕ್ಕೆ ಥಾಮಸ್ ಬರೋ ಮತ್ತು ಮರ್ರೆ ಎಮೆನೋ ಅನ್ನೋ ವಿದ್ವಾಂಸರ ದ್ರಾವಿಡ ವ್ಯುತ್ಪತ್ತಿ ನಿಘಂಟು, 1984ರ ಎರಡನೇ ಆವೃತ್ತಿ, ಆನ್‌ಲೈನ್‌ನಲ್ಲಿ ಫ್ರೀಯಾಗಿದೆ. ಹಿಂದಿ, ಮರಾಠಿ ಕಡೆಗೆ ಟರ್ನರ್ ನಿಘಂಟು. ಹಳೇ ಕನ್ನಡ ರೂಪಕ್ಕೆ 1894ರ ಕಿಟೆಲ್ ಸಾಕಷ್ಟು. ಓದುವಾಗ ಪದದ ಶುರುವಲ್ಲಿ ನಕ್ಷತ್ರ ಗುರುತು ಕಂಡ್ರೆ, ಅದು ಎಲ್ಲೂ ಬರೆದಿಟ್ಟ ಪದ ಅಲ್ಲ, ವಿದ್ವಾಂಸರು ಮಗು ಮುಖ ನೋಡಿ ಅಜ್ಜಿ ಚಿತ್ರ ಬಿಡಿಸಿದ ಹಾಗೆ ಕಟ್ಟಿದ್ದು ಅಂತ ಅರ್ಥ. ತುಂಬಾ ಜನ ಆ ನಕ್ಷತ್ರ ಬಿಟ್ಟು ಕಾಪಿ ಮಾಡ್ತಾರೆ, ಬೇಡ.

ಒಂದು ಎಚ್ಚರಿಕೆ, ಹಳೇ ರೂಪ ಹುಡುಕ್ತೀನಿ ಅಂತ ಪದದ ಬಾಲ ಕತ್ತರಿಸ್ಬೇಡಿ. ಹಳಗನ್ನಡದಲ್ಲಿ ‘ಮಾಣ್’ ಅಂದ್ರೆ ಬಿಡು, ನಿಲ್ಲಿಸು. ಇದನ್ನ ನೋಡಿ ಹಾ, ಬೇಡ ಅನ್ನೋ ‘ಮಾ’ ಸಿಕ್ತು ಅಂತ ಕುಣಿದಾಡಿದ್ದೆ. ಆದ್ರೆ ಅಲ್ಲಿ ಣಕಾರ ಬೇರಿನದ್ದೇ ಭಾಗ, ಪ್ರತ್ಯಯ ಅಲ್ಲ. ನನಗೆ ಬೇಕು ಅಂತ ಕಿತ್ತು ಹಾಕೋಕಾಗಲ್ಲ.

ಒಂದು ಸಲ ಅಲ್ಲ, ಪದೇ ಪದೇ ಹೊಂದ್ಬೇಕು

ನೆಂಟಸ್ತನಕ್ಕೆ ಸಾಕ್ಷಿ ಹೋಲಿಕೆ ಅಲ್ಲ, ನಿಯಮ. ಹಳಗನ್ನಡದ ಪಾಲ್, ಪುಲಿ, ಪಲ್, ಪೂ ಇವತ್ತು ಹಾಲು, ಹುಲಿ, ಹಲ್ಲು, ಹೂ. ತಮಿಳಲ್ಲಿ ಈಗ್ಲೂ ಪಕಾರಾನೇ. ಒಂದು ಪದ ಅಲ್ಲ, ಸಾಲಾಗಿ ಬರ್ತಾವೆ. ಹಾಗೇ ಪಿತೃ, ಪಾದ, ಪಂಚ ಇವಕ್ಕೆ ಇಂಗ್ಲಿಷಲ್ಲಿ ಫಾದರ್, ಫೂಟ್, ಫೈವ್, ಈ ಪ-ಫ ನಿಯಮಾನ ಯಾಕೋಬ್ ಗ್ರಿಮ್ 1822ರಲ್ಲಿ ಸಾಲಾಗಿ ಬರೆದಿಟ್ರು. ನಿಮ್ಮ ಪುಟ್ಟ ಪದ ಇಂಥ ಒಂದು ಸಾಲಲ್ಲಿ ಕೂತ್ರೆ ಸರಿ, ಒಂಟಿಯಾಗಿ ಹೋಲ್ತಾ ಇದ್ರೆ ಅನುಮಾನ ಪಡಿ. ಬೇಡ ಅನ್ನೋ ಸಂಸ್ಕೃತದ ‘ಮಾ’ಗೆ ಹಳೇ ಗ್ರೀಕಿನ ‘ಮೇ’, ಹಳೇ ಇರಾನಿನ ಅವೆಸ್ತ ಭಾಷೆಯ ‘ಮಾ’, ಅರ್ಮೇನಿಯನ್ ‘ಮಿ’ ಇವೆ, ಎಲ್ಲಾ ಬೇಡ ಅಂತಾನೇ, ಸ್ವರ ಬದಲಾಗಿರೋದೂ ಆಯಾ ಭಾಷೆಯ ನಿಯಮದ ಪ್ರಕಾರ. ಇದು ಗಟ್ಟಿ.

ಆದ್ರೆ ಟರ್ಕಿಶಲ್ಲಿ ‘ಯಾಪ್’ ಅಂದ್ರೆ ಮಾಡು, ‘ಯಾಪ್ಮಾ’ ಅಂದ್ರೆ ಮಾಡ್ಬೇಡ. ಅರೇಬಿಕ್‌ನಲ್ಲೂ ಏನು ಅನ್ನೋದಲ್ದೆ ಇಲ್ಲ ಅನ್ನೋಕೂ ‘ಮಾ’ ಇದೆ. ಸಂಸ್ಕೃತ, ಟರ್ಕಿಶ್, ಅರೇಬಿಕ್, ಮೂರು ಬೇರೆ ಬೇರೆ ಕುಟುಂಬ, ಮೂರರಲ್ಲೂ ಅಲ್ಲಗಳೆಯೋಕೆ ‘ಮಾ’. ಮೈ ಜುಮ್ ಅನ್ನುತ್ತೆ, ಗೊತ್ತು. ಆದ್ರೆ ಈ ಮೂರನ್ನೂ ಜೋಡ್ಸೋ ಧ್ವನಿ ನಿಯಮಗಳ ಸಾಲು ಯಾರೂ ತೋರ್ಸಿಲ್ಲ, ಆದ್ದರಿಂದ ಅದನ್ನ ಕಾಕತಾಳೀಯದ ಕಾಲಮ್ಮಿಗೇ ಹಾಕ್ಬೇಕು.

ಇಷ್ಟೊಂದು ಕಾಕತಾಳೀಯ ಹೇಗೆ ಅಂದ್ರೆ ಸುಮ್ನೆ ಲೆಕ್ಕ ಹಾಕಿ. ಒಂದು ಭಾಷೇಲಿ ಇಪ್ಪತ್ತು ವ್ಯಂಜನ, ಐದು ಸ್ವರ ಅಂದ್ಕೊಂಡ್ರೆ ಒಂದಕ್ಷರದ ಜೋಡಣೆ ಆಗೋದೇ ನೂರು. ಪ್ರಪಂಚದಲ್ಲಿ ಸುಮಾರು 7,000 ಭಾಷೆ. ನೂರು ಕುರ್ಚಿಗೆ ಅಷ್ಟೂ ಭಾಷೆಯವರು ತಮ್ಮ ತಮ್ಮ ಅರ್ಥ ತಂದು ಕೂರ್ಸಿದ್ರೆ ಒಬ್ಬರ ಅರ್ಥ ಇನ್ನೊಬ್ಬರದ್ದಕ್ಕೆ ತಾಗ್ದೇ ಇರುತ್ತಾ? ಮೇಲೆ ವಿಯೆಟ್ನಾಮಿ ಪಟ್ಟಿ ಕೊಟ್ನಲ್ಲ, ಅದರಲ್ಲಿ ‘ಆದ್ರೆ’ ಅನ್ನೋ ಅರ್ಥ ಇತ್ತು, ಗಮನಿಸಿದ್ರಾ? ಇಟಾಲಿಯನ್‌ದೂ ಅದೇ ಧ್ವನಿ, ಅದೇ ಅರ್ಥ, ಸಂಬಂಧ ಮಾತ್ರ ಸೊನ್ನೆ. ಉದ್ದ ಇರೋದೂ ಕೆಲವು ಸಲ ಹೀಗೇ ಆಗುತ್ತೆ, ಆಸ್ಟ್ರೇಲಿಯಾದ ಎಂಬಬರಮ್ ಅನ್ನೋ ಮೂಲನಿವಾಸಿ ಭಾಷೇಲಿ ನಾಯಿಗೆ ‘ಡಾಗ್’ ಅಂತಾನೇ ಅಂತಿದ್ರು, ಅದು ಇಂಗ್ಲಿಷಿಂದ ಬಂದಿದ್ದಲ್ಲ, ಅಲ್ಲಿನ ಧ್ವನಿ ನಿಯಮದ ಪ್ರಕಾರಾನೇ ಹುಟ್ಟಿದ್ದು.

ಅಮ್ಮನ ಪದ ಬೇರೆ ಡಬ್ಬಿಗೆ

ಎಲ್ಲರೂ ಮೊದ್ಲು ತರೋ ಸಾಕ್ಷಿನೇ ಇದು, ನೋಡಿ ಎಲ್ಲಾ ಭಾಷೇಲೂ ಅಮ್ಮ, ಮಾ, ಮಾಮಾ ಅಂತ. ಚೀನಿ, ಸ್ವಾಹಿಲಿ, ಕೊರಿಯನ್, ಬಾಸ್ಕ್, ಕನ್ನಡ ಎಲ್ಲಾ ಕಡೆ ಮಕಾರ ಇದೆ, ನಿಜ. ಆದ್ರೆ ಇದು ವಂಶದ ಗುರುತಲ್ಲ, ಮಗು ಬಾಯಿ ಗುರುತು. ತುಟಿ ಮುಚ್ಚಿ ಮೂಗಿಂದ ಉಸಿರು ಬಿಟ್ರೆ ಮಕಾರ, ಬಾಯಿ ತೆರೆದ್ರೆ ಆಕಾರ, ಇನ್ನೂ ಹಲ್ಲೇ ಬರದ ಕೂಸಿಗೂ ಅಷ್ಟು ಆಗುತ್ತೆ, ಅದನ್ನ ಕೇಳಿ ದೊಡ್ಡೋರು ನನ್ನನ್ನೇ ಕರೀತು ಅಂತ ಅರ್ಥ ಕಟ್ತಾರೆ. ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ ಸಾವಿರಕ್ಕೂ ಹೆಚ್ಚು ಅಪ್ಪ-ಅಮ್ಮ ಪದ ಸೇರ್ಸಿದ್ರು, ಅದನ್ನಿಟ್ಕೊಂಡು ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ 1960ರಲ್ಲಿ ಬರೆದಿದ್ದೂ ಇದನ್ನೇ, ಹಾಲು ಕುಡೀತಾ ಮಗು ಮಾಡೋ ಮೂಗಿನ ಸದ್ದಿಂದ ಇದು ಶುರು ಅಂತ. ಇನ್ನೂ ಅನುಮಾನ ಇದ್ರೆ ಜಾರ್ಜಿಯನ್ ಭಾಷೆ ನೋಡಿ. ಅಲ್ಲಿ ‘ಮಾಮಾ’ ಅಂದ್ರೆ ಅಪ್ಪ! ಅಮ್ಮನಿಗೆ ‘ದೇದಾ’. ನಮ್ ‘ಮಾಮ’ ಅಂತೂ ಸೋದರಮಾವ. ಒಟ್ನಲ್ಲಿ ಈ ಗುಂಪನ್ನ ಶೀಟಿನ ಕೆಳಗೆ ಬೇರೆ ಟ್ಯಾಬ್‌ಗೆ ಹಾಕಿ, ಅದ್ರಿಂದ ಏನನ್ನೂ ಸಾಧಿಸೋಕೆ ಹೋಗ್ಬೇಡಿ.

ಸಾಲ ತಗೊಂಡಿದ್ದು

ಇದು ಸುಲಭ, ದಾರಿ ತೋರ್ಸಿದ್ರೆ ಸಾಕು. ವಿಯೆಟ್ನಾಮಿ ಕುದುರೆ ಚೀನಿಯಿಂದ ಬಂದಿದ್ದು, ಸಾವಿರಾರು ಚೀನಿ ಪದಗಳ ಜೊತೆ ಬಂತು. ನಮ್ ಕಡೆಯಿಂದ ಹೋಗಿದ್ದೂ ಇದೆ. ತಮಿಳಲ್ಲಿ ‘ಮಾ’ ಅಂದ್ರೆ ಮಾವಿನ ಮರ, ಕನ್ನಡದ ‘ಮಾವು’ ಅದರ ತಂಗಿ. ಮಾ ಜೊತೆ ಕಾಯ್ ಸೇರಿ ತಮಿಳಲ್ಲಿ ಮಾಂಗಾಯ್, ಮಲಯಾಳದಲ್ಲಿ ಮಾಙ್ಙ, ಅದನ್ನ ಪೋರ್ಚುಗೀಸರು ‘ಮಾಂಗ’ ಅಂದ್ರು, ಅಲ್ಲಿಂದ ಇಂಗ್ಲಿಷಿನ ಮ್ಯಾಂಗೋ. ಮ್ಯಾಂಗೋದ ಆ ಮೊದಲ ಅಕ್ಷರದಲ್ಲಿ ನಮ್ ಮಾವೇ ಕೂತಿದೆ, ‘ಗೋ’ದಲ್ಲಿ ಕಾಯಿ ಕೂತಿದೆ.

ಇನ್ನೊಂದು ಚಿಕ್ಕ ಗುಂಡಿ ಇದೆ, ಪದ ಅಲ್ಲ ಅರ್ಥ ಮಾತ್ರ ಹೋಲೋದು. ಅಳೆ ಅನ್ನೋ ‘ಮಾ’ ಧಾತುವಿನ ಸುತ್ತ ಮಾಸ, ಚಂದ್ರಮಾ, ಇಂಗ್ಲಿಷಿನ ಮೂನ್, ಮಂತ್ ಎಲ್ಲಾ ಬರ್ತಾವೆ, ಚಂದ್ರ ಅಂದ್ರೆ ಕಾಲ ಅಳೆಯೋ ಗಡಿಯಾರ. ಕನ್ನಡದ ‘ತಿಂಗಳು’ ಕೂಡ ಚಂದ್ರನೂ ಹೌದು, ಮಾಸವೂ ಹೌದು. ಚೀನಿ, ಟರ್ಕಿಶ್, ಫಿನ್ನಿಶಲ್ಲೂ ಎರಡಕ್ಕೂ ಒಂದೇ ಪದ. ಇದು ನೆಂಟಸ್ತನ ಅಲ್ಲ, ಎಲ್ಲರೂ ಒಂದೇ ಆಕಾಶ ನೋಡಿದ್ದು ಅಷ್ಟೇ.

ಈಗ ನನ್ನ ಶೀಟಲ್ಲಿ ಪ್ರತಿ ‘ಮಾ’ ಮುಂದೆ ಒಂದು ಗುರುತು ಇದೆ: ನೆಂಟ, ಸಾಲ, ಕೂಸಿನ ಮಾತು, ಕಾಕತಾಳೀಯ. ಹಳೇ ರೂಪ ಸಿಗದೇ ಇರೋದರ ಮುಂದೆ ಖಾಲಿ ಬಿಟ್ಟಿದೀನಿ. ನೀವು ಕೈ ಪಳಗಿಸ್ಕೋಬೇಕು ಅಂದ್ರೆ ‘ನ’ ತಗೊಳ್ಳಿ, ಸಂಸ್ಕೃತದಲ್ಲಿ ‘ನ’ ಅಂದ್ರೆ ಇಲ್ಲ, ಈಗಿನ ಗ್ರೀಕಲ್ಲಿ ‘ನೆ’ ಅಂದ್ರೆ ಹೌದು, ಕೊರಿಯನ್‌ನಲ್ಲೂ ‘ನೆ’ ಅಂದ್ರೆ ಹೌದು. ಮೊದ್ಲು ಹಳೇ ಗ್ರೀಕ್ ರೂಪದಿಂದ ಶುರು ಮಾಡಿ.