ಏರು ಹತ್ತದ ಹಳೆಯ ಆಟೋ: ಪಾಯಿಂಟ್ ಉಜ್ಜಿದರೆ ಮುಗಿಯದ ಕೆಲಸ

ಸಮತಟ್ಟು ರಸ್ತೆಯಲ್ಲಿ ಗೊತ್ತೇ ಆಗದ ಎಂಜಿನ್ ದೋಷ ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಮೊದಲ ಏರಿನಲ್ಲೇ ಬಯಲಾಗುತ್ತದೆ. ಆಗುಂಬೆ ಕಡೆಗೆ ಹೊರಟರಂತೂ ಏರು, ತಿರುವು, ಮತ್ತೆ ಏರು. ಹಿಂದೆ ಮೂರು ಜನ, ಜೊತೆಗೊಂದು ಅಡಿಕೆ ಮೂಟೆ ಇದ್ದರೆ 145 ಸಿಸಿಯ ಹಳೆಯ ಟೂ ಸ್ಟ್ರೋಕ್ ಎಂಜಿನ್ ತನ್ನಲ್ಲಿರುವುದನ್ನೆಲ್ಲ ಕೊಡಬೇಕು. ಒಂದಿಷ್ಟು ಕಡಿಮೆಯಾದರೂ ಗಾಡಿ ನಿಲ್ಲುತ್ತದೆ.

ಮೇಗರವಳ್ಳಿ ಕಡೆಯ ಹಿರಿಯರೊಬ್ಬರು ಅಂಥದ್ದೊಂದು ಆಟೋ ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದರು. ಪಾಯಿಂಟ್ ಇಗ್ನಿಷನ್ (ಪುಟ್ಟ ಲೋಹದ ಮುಖಗಳು ಕೂಡಿ ಬಿಟ್ಟು ಪ್ಲಗ್ಗಿಗೆ ಕಿಡಿ ಕೊಡುವ ವ್ಯವಸ್ಥೆ) ಇರುವ, ಕೈಯಿಂದ ಲಿವರ್ ಎಳೆದು ಸ್ಟಾರ್ಟ್ ಮಾಡುವ ಗಾಡಿ. "ಪಾಯಿಂಟ್ ಒಂದು ಉಜ್ಜಿ ಕೊಡಿ ಮಾರಾಯರೇ, ಸರಿಯಾಗುತ್ತದೆ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಉಜ್ಜಿದಾಗಲೆಲ್ಲ ಗಾಡಿ ಸರಿಯಾಗುತ್ತಿತ್ತು, ಕೆಲವು ದಿನ ಕಳೆದರೆ ಅದೇ ಮಿಸ್ಸಿಂಗ್, ಅಂದರೆ ಕಿಡಿ ತಪ್ಪಿ ಎಂಜಿನ್ ತಡವರಿಸುವುದು. ಒಂದೇ ಭಾಗ ಮತ್ತೆ ಮತ್ತೆ ಕೆಡುತ್ತಿದೆ ಎಂದರೆ ಅದನ್ನು ಕೆಡಿಸುತ್ತಿರುವುದು ಬೇರೆ ಏನೋ ಇದೆ ಎಂದು ನಾನು ನಂಬುತ್ತೇನೆ. ಅದಕ್ಕೇ ಸ್ಪ್ಯಾನರ್ ಹಿಡಿಯುವ ಮೊದಲು ಅವರನ್ನೇ ಕೂರಿಸಿಕೊಂಡು ಕೇಳಿದೆ. ತಣ್ಣಗಿದ್ದಾಗ ಹೇಗೆ, ಕಾದ ಮೇಲೆ ಹೇಗೆ? ಖಾಲಿ ಇದ್ದಾಗ ಹೇಗೆ, ಜನ ಹತ್ತಿದ ಮೇಲೆ ಹೇಗೆ? ಅವರು ಹೇಳಿದ್ದು ಇಷ್ಟು: ಬೆಳಿಗ್ಗೆ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಕಾದ ಮೇಲೆ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ತಡವಾಗಿ ಇಳಿಯುತ್ತದೆ. ಏರಿನಲ್ಲಿ ಮಾತ್ರ ತಡವರಿಸಿ ತಡವರಿಸಿ ಸೋಲುತ್ತದೆ. ಇಷ್ಟು ತಿಳಿದರೆ ಅರ್ಧ ಕೆಲಸ ಆದಂತೆಯೇ.

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರ್‌ನ ಸ್ಕ್ರೂ ನಾನು ಮುಟ್ಟಲಿಲ್ಲ. ಪಿಕಪ್ ಇಲ್ಲ ಎಂದ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಟ್ಯೂನಿಂಗಿಗೆ ಇಳಿಯುವುದು ನಮ್ಮ ವೃತ್ತಿಯಲ್ಲಿ ಬೇರೂರಿರುವ ಕೆಟ್ಟ ಅಭ್ಯಾಸ. ಹಾಗೆ ಮಾಡಿದರೆ ಮೂಲ ದೋಷದ ಗುರುತೇ ಅಳಿಸಿಹೋಗುತ್ತದೆ. ಮೊದಲು ಪ್ಲಗ್ ಬಿಚ್ಚಿದೆ. ತುದಿಯ ಪಿಂಗಾಣಿ ಬಿಳಿಚಿಕೊಂಡಿತ್ತು. ಮಿಶ್ರಣ ಸರಿಯಿದ್ದರೆ ಅದು ಕಂದು ಬಣ್ಣಕ್ಕೆ ಬರಬೇಕು, ಪೆಟ್ರೋಲ್ ಅಥವಾ ಆಯಿಲ್ ಹೆಚ್ಚಾದರೆ ಕರಿ ಹಿಡಿದು ಒದ್ದೆಯಾಗಬೇಕು. ಬಿಳಿ ಎಂದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಇದನ್ನು ಹೀಗೇ ಬಿಟ್ಟರೆ ಯಾವುದಾದರೊಂದು ಏರಿನಲ್ಲಿ ಪಿಸ್ಟನ್ ಜಾಮ್ ಆಗುವುದು ಖಂಡಿತ.

ಪೆಟ್ರೋಲ್ ಕಡಿಮೆ ಬರುತ್ತಿದೆಯೇ, ಗಾಳಿ ಹೆಚ್ಚು ಸೇರುತ್ತಿದೆಯೇ? ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಇಟ್ಟೆ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ನಾನು ತಪ್ಪಿಸುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ತೇವವನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲನ್ನೂ ಜೊತೆಗೆ ಸೇರಿಸಿಕೊಂಡು ತಳಕ್ಕೆ ಇಳಿಯುತ್ತದೆ. ಬಾಟಲಿಯಲ್ಲಿ ಪದರ ಕಾಣಲಿಲ್ಲ. ಟ್ಯಾಪಿನಿಂದ ಪೆಟ್ರೋಲ್ ಧಾರಾಳವಾಗಿ ಬೀಳುತ್ತಿತ್ತು. ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತುಗಳಾದ ಜೆಟ್‌ಗಳಿಗೆ ಗಾಳಿ ಹೊಡೆದೆ, ಅವೂ ಸ್ವಚ್ಛ. ಲಿವರನ್ನು ನಿಧಾನವಾಗಿ ಎಳೆದಾಗ ಕೈಗೆ ಒಳ್ಳೆಯ ಒತ್ತು ಸಿಕ್ಕಿತು, ಅಂದರೆ ಕಂಪ್ರೆಷನ್ ಇದೆ. ಸೈಲೆನ್ಸರ್‌ನಲ್ಲಿ ಕರಿ ಕಟ್ಟಿದ್ದರೂ ಏರು ಹತ್ತುವುದಿಲ್ಲ, ಆದರೆ ಅಂಥ ಎಂಜಿನ್ ಉಸಿರುಗಟ್ಟಿ ಮಂಕಾಗುತ್ತದೆಯೇ ಹೊರತು ತಾನಾಗಿ ಕೂಗುವುದಿಲ್ಲ.

ಎಂಜಿನ್ ಕಾದು ಕೂಗುತ್ತಿದ್ದಾಗ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕನ್ನು ಸ್ವಲ್ಪವೇ ಎಳೆದೆ. ಕೂಗು ಇಳಿದು ಓಟ ಹದಕ್ಕೆ ಬಂತು. ಗಾಳಿ ಎಲ್ಲಿಂದಲೋ ಕಳ್ಳದಾರಿಯಲ್ಲಿ ಬರುತ್ತಿದೆ ಎನ್ನಲು ಇನ್ನೇನು ಬೇಕು? ಕಾರ್ಬೋರೇಟರ್ ಕೂರುವ ಜಾಗದ ಸುತ್ತ ಕ್ಯಾನಿನಿಂದ ಆಯಿಲ್ ಬಿಟ್ಟು ನೋಡಿದೆ. ಅಲ್ಲಿ ಸಂದಿ ಇದ್ದರೆ ಆಯಿಲ್ ಅದನ್ನು ಮುಚ್ಚಿ ಎಂಜಿನ್ ಓಟ ಬದಲಾಗಬೇಕು. ಕೆಲವರು ಇಲ್ಲಿ ಪೆಟ್ರೋಲ್ ಚಿಮುಕಿಸುತ್ತಾರೆ. ಕಾದ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಯನ್ನು ಕರೆದಂತೆ, ದಯವಿಟ್ಟು ಮಾಡಬೇಡಿ. ಓಟದಲ್ಲಿ ಬದಲಾವಣೆ ಆಗಲಿಲ್ಲ. ಹಾಗಾದರೆ ಗಾಳಿ ಅಲ್ಲಿಂದ ಬರುತ್ತಿಲ್ಲ.

ಉಳಿದದ್ದು ಕ್ರ್ಯಾಂಕ್‌ನ ಆಯಿಲ್ ಸೀಲ್, ಅಂದರೆ ಪಿಸ್ಟನ್ ತಿರುಗಿಸುವ ದಂಡದ ಸುತ್ತ ಕೂರುವ ರಬ್ಬರ್ ಬಳೆ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಆ ದಂಡ ತಿರುಗುವ ಗೂಡಿಗೆ, ಅಂದರೆ ಕ್ರ್ಯಾಂಕ್ ಕೇಸಿಗೆ ಬರುತ್ತದೆ. ಪಿಸ್ಟನ್ ಮೇಲೆ ಹೋದಾಗ ಅಲ್ಲಿ ಎಳೆತ, ಕೆಳಗೆ ಬಂದಾಗ ಒತ್ತಡ. ಕ್ರ್ಯಾಂಕಿನ ತುದಿ ಹೊರಬರುವ ಜಾಗದ ಸೀಲ್ ಹೋದರೆ ತಿದಿ ಹರಿದಂತೆಯೇ: ಎಳೆಯುವಾಗ ಹೊರಗಿನ ಗಾಳಿ ನುಗ್ಗುತ್ತದೆ, ಒತ್ತುವಾಗ ಆಯಿಲ್ ಬೆರೆತ ಮಿಶ್ರಣ ಹೊರಚಿಮ್ಮುತ್ತದೆ. ಕಿಡಿಗೆ ಬೇಕಾದ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟ್ ಕಡೆ ಹೀಗೆ ಚಿಮ್ಮಿದ್ದು ನೇರ ಹೋಗಿ ಕೂರುವುದು ಪಾಯಿಂಟ್ ಮೇಲೆ.

ಫ್ಯಾನ್ ಕವರ್ ತೆಗೆದು, ಪುಲ್ಲರ್ ಹಾಕಿ ಮ್ಯಾಗ್ನೆಟ್ ಎಳೆದಾಗ ಹಿಂದಿನ ಪ್ಲೇಟ್ ಪೂರ್ತಿ ಕಪ್ಪು ಜಿಡ್ಡಾಗಿತ್ತು. ಜಿಡ್ಡಿನ ಜಾಡು ಸೀಲಿನ ಕೆಳಅಂಚಿನಿಂದ ಹೊರಟು ಹರಡಿಕೊಂಡಿತ್ತು. ಪಾಯಿಂಟಿನ ಮುಖಗಳು ಸುಟ್ಟು ನೀಲಿಗಟ್ಟಿದ್ದವು. ಸೀಲಿನ ತುಟಿಯನ್ನು ಉಗುರಿನಿಂದ ಒತ್ತಿದೆ. ರಬ್ಬರ್ ಬಾಗಲಿಲ್ಲ, ಚೂರಾಗಿ ಉದುರಿತು. ಎಂಜಿನ್ ಕೂಗುವುದಕ್ಕೂ ಏರಿನಲ್ಲಿ ಮಿಸ್ ಆಗುವುದಕ್ಕೂ ಕಾರಣ ಇದೊಂದೇ. ಉಜ್ಜಿದವರೆಲ್ಲ ಜಿಡ್ಡು ಒರೆಸಿ ಕಳುಹಿಸಿದ್ದರು, ಜಿಡ್ಡು ಬರುವ ದಾರಿಯನ್ನು ಮುಚ್ಚಿರಲಿಲ್ಲ.

ಸೀಲ್ ಹಾಕುವ ಮೊದಲು ನೋಡಲೇಬೇಕಾದದ್ದು ಬೇರಿಂಗ್. ಕ್ರ್ಯಾಂಕಿನ ತುದಿ ಹಿಡಿದು ಮೇಲೆ ಕೆಳಗೆ ಅಲುಗಿಸಿದೆ, ಆಟ ಇರಲಿಲ್ಲ. ಆಟ ಇದ್ದಿದ್ದರೆ ಹೊಸ ಸೀಲೂ ಬೇಗ ಹರಿಯುತ್ತಿತ್ತು, ಎಂಜಿನ್ ಬಿಚ್ಚದೆ ಬೇರೆ ದಾರಿ ಇರುತ್ತಿರಲಿಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಿಂದ ಸೀಲ್, ಪಾಯಿಂಟ್, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ತರಿಸಿದೆ. ಹಳೆಯ ಸೀಲನ್ನು ಗೂಡಿನ ಗೋಡೆಗೆ ಗೀರು ಬೀಳದಂತೆ ತೆಗೆದು, ಗೂಡು ಒರೆಸಿ, ಕ್ರ್ಯಾಂಕಿನ ಚೂಪು ಅಂಚುಗಳಿಗೆ ತೆಳುವಾಗಿ ಟೇಪ್ ಸುತ್ತಿದೆ. ಇಲ್ಲದಿದ್ದರೆ ಹೊಸ ಸೀಲಿನ ತುಟಿ ತೂರಿಸುವಾಗಲೇ ಕತ್ತರಿಸುತ್ತದೆ. ತುಟಿಗೆ ಆಯಿಲ್ ಸವರಿ, ಸ್ಪ್ರಿಂಗ್ ಇರುವ ಮುಖ ಒಳಗೆ ಬರುವಂತೆ ಇಟ್ಟು, ಅದೇ ಅಳತೆಯ ಪೈಪ್ ತುಂಡಿನಿಂದ ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದೆ. ಮ್ಯಾಗ್ನೆಟ್ ಕೂರುವ ಇಳಿಜಾರು ಭಾಗದಲ್ಲಿ ಜಿಡ್ಡಿನ ಪಸೆಯೂ ಇರಬಾರದು. ಪೆಟ್ರೋಲಿನಿಂದ ಒರೆಸಿ ಒಣಗಿಸಿ, ಅರ್ಧಚಂದ್ರದ ಕೀ ಸರಿಯಾಗಿ ಕೂತಿದೆಯೇ ನೋಡಿ ನಟ್ ಬಿಗಿದೆ. ಪಾಯಿಂಟ್ ಗ್ಯಾಪ್ 0.4 ಮಿ.ಮೀ., ಪ್ಲಗ್ ಗ್ಯಾಪ್ 0.6 ಮಿ.ಮೀ. ಇಟ್ಟೆ.

ಫ್ಯಾನ್ ಕವರಿನೊಳಗೆ ಎಲೆ, ಕೆಸರು ತುಂಬಿತ್ತು. ಈ ಎಂಜಿನ್ ತಣ್ಣಗಾಗುವುದು ಆ ಫ್ಯಾನಿನ ಗಾಳಿಯಿಂದಲೇ ಆದ್ದರಿಂದ ಬ್ಲಾಕಿನ ರೆಕ್ಕೆಗಳ ಸಂದಿಯನ್ನೂ ಕೆರೆದು ತೆಗೆದೆ.

ಕಾರ್ಬೋರೇಟರಿನ ಸರದಿ ಬಂದದ್ದು ಆಮೇಲೆ. ಗಾಳಿ ಸ್ಕ್ರೂ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿ, ಕಾದ ಎಂಜಿನ್ ಮೇಲೆ ಹದ ಹಿಡಿದೆ. ಹಿರಿಯರನ್ನು ಹಿಂದೆ ಕೂರಿಸಿಕೊಂಡು ಮೇಗರವಳ್ಳಿ ರಸ್ತೆಯ ಏರು ಹತ್ತಿಸಿ, ನೆತ್ತಿಯಲ್ಲೇ ಎಂಜಿನ್ ಆಫ್ ಮಾಡಿ ಪ್ಲಗ್ ತೆಗೆದು ನೋಡಿದೆವು. ಮನೆಗೆ ಬಂದು ಐಡಲಿನಲ್ಲಿ ಓಡಿಸಿ ನೋಡಿದರೆ ಪ್ಲಗ್ ಏರಿನ ಕಥೆ ಹೇಳುವುದಿಲ್ಲ. ಬಣ್ಣ ಕಂದಿಗೆ ತಿರುಗಲು ಶುರುವಾಗಿತ್ತು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಎಂಜಿನ್ ಇಳಿಯುತ್ತಿತ್ತು.

ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲನ್ನು ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದ ಅವರಿಗೆ ಲೀಟರಿಗೆ 20 ಮಿ.ಲೀ. ಅಳತೆಯ ಮುಚ್ಚಳ ಕೊಟ್ಟೆ. ಕ್ಲಚ್ ಕಡೆಯ ಸೀಲಿಗೂ ಅಷ್ಟೇ ವಯಸ್ಸಾಗಿದೆ. ಅದು ಹೋದರೆ ಎಂಜಿನ್ ಗೇರ್ ಆಯಿಲನ್ನು ಎಳೆದು ದಟ್ಟ ಬಿಳಿ ಹೊಗೆ ಬಿಡುತ್ತದೆ. ಆದ್ದರಿಂದ ಗೇರ್ ಆಯಿಲ್ ಮಟ್ಟವನ್ನು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ತುಂಬಿಸಿ ಸುಮ್ಮನಾಗದೆ ಗಾಡಿ ತನ್ನಿ ಎಂದು ಹೇಳಿ ಕಳುಹಿಸಿದೆ.